ಮಟ್ಟಿ ಮತ್ತು ಮ್ಯಾಟು: ಖಾಶಾಬಾ ಜಾಧವರ ಮೊದಲ ವರ್ಷಗಳು

ಕೊಲ್ಹಾಪುರ ಸೀಮೆಯಲ್ಲಿ ಕುಸ್ತಿ ಎಂಬ ಒಂದೇ ಹೆಸರಿನಡಿ ಎರಡು ವಿದ್ಯೆಗಳು ನಡೆದುಬಂದಿವೆ. ಒಂದು ಗರಡಿಮನೆಯ ಮಟ್ಟಿಯ ಮೇಲೆ, ಅಂದರೆ ಅಗೆದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮೇಲೆ ಹಿಡಿಯುವ ಕುಸ್ತಿ. ಇನ್ನೊಂದು ಮೆತ್ತೆಯ ಹಾಸಿನ ಮೇಲೆ, ಗಡಿಯಾರದ ಮುಳ್ಳಿಗೂ ತೀರ್ಪುಗಾರರ ಎಣಿಕೆಗೂ ಒಳಪಟ್ಟು ನಡೆಯುವ ಕುಸ್ತಿ, ಇದನ್ನು ಪೈಲವಾನರು ಮ್ಯಾಟ್ ಕುಸ್ತಿ ಎಂದೇ ಕರೆಯುತ್ತಾರೆ. ಹೊರದೇಶಕ್ಕೆ ಹೋಗಿ ಸೆಣಸುವ ಇಲ್ಲಿಯ ತರುಣ ಪೈಲವಾನನಿಗೆ ಹಡಗಿನ ದಾರಿಗಿಂತ ಈ ಎರಡು ನೆಲಗಳ ನಡುವಿನ ದಾರಿಯೇ ದೂರದ್ದು. ಆ ದಾರಿಯನ್ನು ನಡೆದು ಪದಕದೊಂದಿಗೆ ಹಿಂದಿರುಗಿದವರಲ್ಲಿ ಮೊದಲಿಗರು ಖಾಶಾಬಾ ದಾದಾಸಾಹೇಬ ಜಾಧವರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳ ನಡುವಿನ ಅವರ ನಾಲ್ಕು ವರ್ಷಗಳು ಈ ಭಾಷಣದ ವಿಷಯ.

ಕೊಲ್ಹಾಪುರದಿಂದ ಕಾಗಲದ ಕಡೆಗೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಗೋಕುಳ ಶಿರಗಾಂವ ಇಂದು ಕಾರಖಾನೆಗಳಿಗೂ ಹಾಲಿನ ಡೇರಿಗೂ ಹೆಸರಾದ ಊರು. ಅಲ್ಲಿಂದ ಪೂರ್ವಕ್ಕೆ ಇಚಲಕರಂಜಿ, ದಕ್ಷಿಣಕ್ಕೆ ಗಡಹಿಂಗ್ಲಜ. ಈ ಹರವಿನಲ್ಲಿ ಮರಾಠಿ ಮತ್ತು ಕನ್ನಡಗಳು ಒಂದೇ ಓಣಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಬದುಕುತ್ತವೆ. ತಾಲೀಮು, ವಸ್ತಾದ, ಲಂಗೋಟ, ಹೌದ, ಖುರಾಕು ಎಂಬ ಕುಸ್ತಿಯ ಮಾತುಗಳು ಎರಡೂ ಭಾಷೆಗಳಿಗೆ ಸಮಾನವಾದವು. ತಾಲೀಮು ಎಂದರೆ ಸಾಧನೆಯೂ ಹೌದು, ಸಾಧನೆ ನಡೆಯುವ ಮನೆಯೂ ಹೌದು. ವಸ್ತಾದನೆಂದರೆ ಕಲಿಸುವ ಗುರು. ಹೌದವೆಂದರೆ ಮಣ್ಣು ತುಂಬಿದ ಕಣ. ಖುರಾಕೆಂದರೆ ಹಾಲು, ತುಪ್ಪ, ಬಾದಾಮಿಗಳನ್ನೊಳಗೊಂಡ ಪೈಲವಾನನ ಆಹಾರ. ಕೊಲ್ಹಾಪುರದ ಗಂಗಾವೇಸ ಪೇಟೆಯಲ್ಲಿ ಎಮ್ಮೆಗಳನ್ನು ಕಟ್ಟೆಯ ಬಳಿಗೇ ತಂದು, ಗಿರಾಕಿಯ ಕಣ್ಣೆದುರಿಗೇ ಹಿಂಡಿ, ನೊರೆ ಆರುವ ಮುನ್ನ ಹಾಲು ಕುಡಿಸುವ ರೂಢಿಯುಂಟು. ಈ ಸೀಮೆಯ ಹೈನಕ್ಕೂ ಕುಸ್ತಿಗೂ ಇರುವ ನಂಟನ್ನು ತಿಳಿಯಲು ಆ ಕಟ್ಟೆಯೊಂದೇ ಸಾಕು. ಚಿಕ್ಕೋಡಿ ಸೀಮೆಯ ಎಕಸಂಬಾದಿಂದ ಬಂದು ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು ಎಂಬುದನ್ನು ನೆನೆದರೆ, ಕನ್ನಡದ ಹಳ್ಳಿಗಳಿಗೂ ಕೊಲ್ಹಾಪುರದ ಹೌದಕ್ಕೂ ನಡುವೆ ಎಂದೂ ಗಡಿ ಇರಲಿಲ್ಲವೆಂಬುದು ಮನದಟ್ಟಾಗುತ್ತದೆ.

ಈ ಪರಂಪರೆಗೆ ರಾಜಾಶ್ರಯದ ಬುನಾದಿ ಹಾಕಿದವರು ಛತ್ರಪತಿ ಶಾಹು ಮಹಾರಾಜರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತ ಯುರೋಪಿಗೆ ಹೋದಾಗ ರೋಮಿನ ಪುರಾತನ ರಂಗಸ್ಥಳವನ್ನು ಕಂಡ ಅವರು, ಅಂಥದೇ ಒಂದು ದುಂಡನೆಯ ಕುಸ್ತಿ ಮೈದಾನವನ್ನು ತಮ್ಮ ರಾಜಧಾನಿಯಲ್ಲಿ ಕಟ್ಟಿಸಲು ಮನಸ್ಸು ಮಾಡಿದರು. 1907ರಲ್ಲಿ ಆರಂಭವಾಗಿ 1912ರಲ್ಲಿ ಮುಗಿದ ಖಾಸಬಾಗ ಮೈದಾನವೇ ಅದು. ಬೋಗುಣಿಯಂತೆ ಸುತ್ತಲೂ ಏರುತ್ತ ಹೋಗುವ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಕುಳಿತರೂ, ಕೊನೆಯ ಸಾಲಿನವನಿಗೂ ನಡುವಿನ ಹೌದದಲ್ಲಿ ಪೈಲವಾನನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಕಾಣುವಂತೆ ಅದರ ರಚನೆಯಿದೆ. ಈ ಕಾಣುವಿಕೆ ಬಹಳ ಮುಖ್ಯ, ಏಕೆಂದರೆ ಇಲ್ಲಿಯ ಪದ್ಧತಿಯಾದ ನಿಕಾಲಿ ಕುಸ್ತಿಯಲ್ಲಿ, ಅಂದರೆ ಫಲಿತಾಂಶ ಹೊರಬೀಳುವ ತನಕ ನಡೆಯುವ ಕುಸ್ತಿಯಲ್ಲಿ, ಎದುರಾಳಿಯ ಎರಡೂ ಭುಜಗಳನ್ನು ನೆಲಕ್ಕೆ ತಾಗಿಸಿ ಅವನನ್ನು ಚಿತ್ತು ಮಾಡುವುದೊಂದೇ ಗೆಲುವು. ಅಂಕಗಳ ಲೆಕ್ಕವೂ ಸಮಯದ ಮಿತಿಯೂ ಅಲ್ಲಿಲ್ಲ, ನೋಡುವ ಜನವೇ ಅರ್ಧ ತೀರ್ಪುಗಾರರು.

ಖಾಶಾಬಾ ಅವರಿಗಿಂತ ಮುಂಚೆ ಸಮುದ್ರ ದಾಟಿದ ಪೈಲವಾನರಿದ್ದರು, ಆದರೆ ಅವರು ಹೋದದ್ದು ಬೇರೆ ಬಗೆಯ ಕಣಕ್ಕೆ. 1910ರಲ್ಲಿ ಗಾಮಾ ಮತ್ತು ಆತನ ತಮ್ಮ ಇಮಾಮ್ ಬಕ್ಷ್ ಲಂಡನ್ನಿಗೆ ಹೋದದ್ದು ವೃತ್ತಿಪರ ಕುಸ್ತಿಗೆ, ಅಂದರೆ ಪಣದ ಹಣ, ಟಿಕೆಟ್ಟಿನ ಆದಾಯಗಳ ಮೇಲೆ ನಡೆಯುವ ಕಾಳಗಕ್ಕೆ. ಗಾಮಾ ಆಗಸ್ಟ್‌ನಲ್ಲಿ ಅಮೆರಿಕದ ಬೆಂಜಮಿನ್ ರೋಲರನನ್ನು ಸೋಲಿಸಿ, ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋನನ್ನು ಎದುರಿಸಿದಾಗ, ಜ್ಬಿಸ್ಕೋ ಎರಡೂವರೆ ಗಂಟೆಗೂ ಮಿಕ್ಕಿ ಹಾಸನ್ನು ಅಪ್ಪಿಕೊಂಡೇ ಉಳಿದು ಚಿತ್ತಾಗುವುದನ್ನು ತಪ್ಪಿಸಿಕೊಂಡನು. ಮರುಕಾಳಗಕ್ಕೆ ಗೊತ್ತಾದ ದಿನ ಆತ ಬರಲೇ ಇಲ್ಲ. ಅದೇ ಇಮಾಮ್ ಬಕ್ಷ್ 1912ರಲ್ಲಿ ಖಾಸಬಾಗದ ಹೌದಕ್ಕೆ ಇಳಿದು ಗುಲಾಮ್ ಮೊಹಿಯುದ್ದೀನನೊಡನೆ ಸೆಣಸಿದನು. ಒಲಿಂಪಿಕ್ ಕಣದಲ್ಲಾದರೋ ಹಣಕ್ಕಾಗಿ ಆಡುವವರಿಗೆ ಆಗ ಪ್ರವೇಶವಿರಲಿಲ್ಲ. ಹವ್ಯಾಸಿ, ಎಂದರೆ ಆಟದಿಂದ ಜೀವನ ಸಾಗಿಸದವನು ಮಾತ್ರ ಅಲ್ಲಿ ಅರ್ಹನು. ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ 1920ರ ಆಂಟ್‌ವರ್ಪ್ ಕೂಟಕ್ಕೆ ಹೋದ ತಂಡದಲ್ಲಿ ಕುಮಾರ ನವಲೆ, ರಣಧೀರ ಶಿಂದೆ ಎಂಬ ಇಬ್ಬರು ಕುಸ್ತಿಪಟುಗಳಿದ್ದು, ಶಿಂದೆಯವರು ನಾಲ್ಕನೆಯ ಸ್ಥಾನದವರೆಗೆ ಏರಿದರು. ಅದಾದ ಮೇಲೆ ಆ ಎತ್ತರಕ್ಕೆ ಮತ್ತೊಬ್ಬ ಭಾರತೀಯ ಪೈಲವಾನ ತಲುಪಲು ಮೂರು ದಶಕಗಳೇ ಹಿಡಿದವು.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರದಲ್ಲಿ. ತಂದೆ ದಾದಾಸಾಹೇಬರು ಸ್ವತಃ ಪೈಲವಾನರು. ಐವರು ಗಂಡುಮಕ್ಕಳಲ್ಲಿ ಕಿರಿಯವನಾದ ಖಾಶಾಬಾನಿಗೆ ಮೊದಲ ಪಟ್ಟುಗಳು ಮನೆಯ ಹಿತ್ತಲಲ್ಲೇ ದೊರೆತವು. ಕರಾಡದ ಟಿಳಕ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಯ ಭೂಗತ ಕಾರ್ಯಕರ್ತರಿಗೆ ಆಸರೆ ಕೊಡುವ, ಅವರ ಕಾಗದಪತ್ರಗಳನ್ನು ಮುಟ್ಟಿಸುವ ಕೆಲಸದಲ್ಲೂ ಅವರು ಪಾಲುಗೊಂಡರು. ಅನಂತರ ಕೊಲ್ಹಾಪುರದ ರಾಜಾರಾಮ ಕಾಲೇಜನ್ನು ಸೇರಿದರು. ಐದೂವರೆ ಅಡಿಯೂ ಇರದ, ಮೈಕಟ್ಟಿನಲ್ಲಿ ಸಣ್ಣವನಾದ ಈ ವಿದ್ಯಾರ್ಥಿಯನ್ನು ಕಂಡು ಕಾಲೇಜಿನ ಕ್ರೀಡಾ ಶಿಕ್ಷಕರು ಮೊದಲು ಕುಸ್ತಿಯ ಪಟ್ಟಿಯಲ್ಲಿ ಸೇರಿಸಿಕೊಳ್ಳಲು ಹಿಂಜರಿದರೆಂದೂ, ಪ್ರಾಂಶುಪಾಲರ ಒಪ್ಪಿಗೆ ಪಡೆದು ಕಣಕ್ಕಿಳಿದ ಆತ ತನಗಿಂತ ದೊಡ್ಡ ಮೈಯವರನ್ನೆಲ್ಲ ಕೆಡವಿದನೆಂದೂ ಹೇಳುತ್ತಾರೆ. ಬಾಬುರಾವ್ ಬಲವಡೆ ಮತ್ತು ಬೇಲಾಪುರಿ ಗುರೂಜಿ ಎಂಬ ಇಬ್ಬರು ವಸ್ತಾದರು ಅವರನ್ನು ತಿದ್ದಿದರು. ಢಾಕ ಎಂಬ ಪಟ್ಟಿನಲ್ಲಿ ಅವರದು ಎತ್ತಿದ ಕೈ. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಬಿಗಿದು, ಸೊಂಟವನ್ನು ಒಮ್ಮೆಲೇ ತಿರುವಿ, ಅವನದೇ ಮುನ್ನುಗ್ಗುವ ಬಲವನ್ನು ಬಳಸಿಕೊಂಡು ಎತ್ತಿ ಎಸೆಯುವುದಕ್ಕೆ ಢಾಕ ಎಂದು ಹೆಸರು. ಸಣ್ಣ ಮೈಯವನು ದೊಡ್ಡ ಮೈಯವನನ್ನು ಗೆಲ್ಲಲು ಇದಕ್ಕಿಂತ ತಕ್ಕ ಪಟ್ಟು ಇನ್ನೊಂದಿಲ್ಲ.

1948ರ ಲಂಡನ್ ಕೂಟಕ್ಕೆ ಅವರನ್ನು ಕಳಿಸುವ ಖರ್ಚನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು. ಇಪ್ಪತ್ತೆರಡರ ಹರೆಯದ ಖಾಶಾಬಾ ಅಲ್ಲಿ ಸ್ಪರ್ಧಿಸಿದ್ದು ಫ್ಲೈವೇಟ್ ವರ್ಗದಲ್ಲಿ, ಅಂದರೆ 52 ಕಿಲೋ ತೂಕದ ಒಳಗಿನವರ ವರ್ಗದಲ್ಲಿ. ಯುದ್ಧ ಮುಗಿದು ಮೂರೇ ವರ್ಷವಾಗಿದ್ದ ಇಂಗ್ಲೆಂಡಿನಲ್ಲಿ ಆಹಾರಕ್ಕೆ ಇನ್ನೂ ಪಡಿತರವಿದ್ದು, ಬಂದರಿನ ಕೂಲಿಗಳಿಗೆ ಸಲ್ಲುವ ಹೆಚ್ಚುವರಿ ಪ್ರಮಾಣವನ್ನು ಕ್ರೀಡಾಪಟುಗಳಿಗೂ ಗೊತ್ತುಪಡಿಸಲಾಗಿತ್ತು. ಎಮ್ಮೆಯ ಹಾಲಿನ ನೊರೆಯಲ್ಲಿ ಬೆಳೆದ ದೇಹಕ್ಕೆ ಅದು ಎಂಥ ಖುರಾಕಾಗಿದ್ದಿರಬಹುದೆಂಬುದನ್ನು ಊಹಿಸಬಹುದು. ಲಂಡನ್ನಿನಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಅಮೆರಿಕದ ರೀಸ್ ಗಾರ್ಡ್ನರ್, ಲೈಟ್‌ವೇಟ್ ವರ್ಗದಲ್ಲಿ ಹಿಂದೆ ಚಾಂಪಿಯನ್ ಆಗಿದ್ದವರು. ಮೊದಲ ಸುತ್ತಿನಲ್ಲಿ ಆಸ್ಟ್ರೇಲಿಯದ ಬರ್ಟ್ ಹ್ಯಾರಿಸನನ್ನು ಕೆಲವೇ ನಿಮಿಷಗಳಲ್ಲಿ ಚಿತ್ತು ಮಾಡಿ, ಅಮೆರಿಕದ ಬಿಲ್ಲಿ ಜರ್ನಿಗನನನ್ನೂ ಗೆದ್ದು, ಇರಾನಿನ ಮನ್ಸೂರ್ ರಯೀಸಿಗೆ ಸೋತ ಖಾಶಾಬಾ ಕೊನೆಗೆ ಆರನೆಯ ಸ್ಥಾನದಲ್ಲಿ ನಿಂತರು.

ಮ್ಯಾಟಿನ ಮೇಲೆ ಹೆಚ್ಚಾಗಿ ಕಾಲಿಟ್ಟೇ ಇರದಿದ್ದ ಒಬ್ಬ ತರುಣ ಆರನೆಯವನಾಗಿ ಬಂದದ್ದರ ಬೆಲೆಯನ್ನು ಅರಿಯಬೇಕಾದರೆ ಈ ಎರಡು ನೆಲಗಳ ಅಂತರವನ್ನು ತುಸು ಬಿಡಿಸಿ ನೋಡಬೇಕು. ಹೌದದ ಮಣ್ಣು ಪಾದವನ್ನು ಒಳಗೆ ಎಳೆದುಕೊಂಡು ಹಿಡಿಯುತ್ತದೆ, ಆದ್ದರಿಂದ ಅಲ್ಲಿ ನಿಲುವಿಗೆ ಬೇರು ಇರುತ್ತದೆ. ಪೈಲವಾನರು ಒಬ್ಬರ ಮೈಮೇಲೊಬ್ಬರು ಮಣ್ಣನ್ನು ಎರಚಿಕೊಳ್ಳುವುದರಿಂದ ಬೆವರು ಹೀರಿಹೋಗಿ ಕೈಯ ಹಿಡಿತ ಜಾರುವುದಿಲ್ಲ. ಕಾಲದ ಕಟ್ಟಿಲ್ಲದ್ದರಿಂದ ಎದುರಾಳಿಯನ್ನು ದಣಿಸಿ, ಅವನ ಉಸಿರು ಕಟ್ಟುವ ತನಕ ಕಾಯ್ದು, ಆಮೇಲೆ ಪಟ್ಟು ಹಾಕುವುದೇ ಜಾಣತನವೆನಿಸುತ್ತದೆ. ಹಾಸಿನ ಮೇಲೆ ಇವೆಲ್ಲ ತಲೆಕೆಳಗಾಗುತ್ತವೆ. ಅಲ್ಲಿ ಪಾದ ಹೂತುಕೊಳ್ಳುವುದಿಲ್ಲ, ಪುಟಿಯುತ್ತದೆ. ಹಾಗಾಗಿ ಎದುರಾಳಿ ಕಣ್ಣೆವೆಯಿಕ್ಕುವಷ್ಟರಲ್ಲಿ ಬಗ್ಗಿ ಬಂದು ಒಂದು ಕಾಲನ್ನೋ ಎರಡೂ ಕಾಲುಗಳನ್ನೋ ಸೆಳೆಯಬಲ್ಲ. ಮೈ ಬೆವರಿದಂತೆ ಹಿಡಿತ ತಪ್ಪುತ್ತದೆ. ಆಗಿನ ನಿಯಮದಂತೆ ಕುಸ್ತಿಯ ಗರಿಷ್ಠ ಅವಧಿ ಹದಿನೈದು ನಿಮಿಷ, ಅಷ್ಟರಲ್ಲಿ ಯಾರೂ ಚಿತ್ತಾಗದಿದ್ದರೆ ಮೂವರು ತೀರ್ಪುಗಾರರ ಬಹುಮತವೇ ಫಲಿತಾಂಶ. ಕಾಯುವವನು ಅಲ್ಲಿ ಸೋಲುತ್ತಾನೆ. ಇದಲ್ಲದೆ ಕೂಟದ ಲೆಕ್ಕಾಚಾರವೂ ಊರ ಜಾತ್ರೆಯ ಕುಸ್ತಿಯ ಹಾಗಿರಲಿಲ್ಲ. ಪ್ರತಿ ಸ್ಪರ್ಧಿಗೂ ಋಣ ಅಂಕಗಳನ್ನು ಕೊಡುತ್ತಿದ್ದರು: ಚಿತ್ತು ಮಾಡಿ ಗೆದ್ದವನಿಗೆ ಒಂದೂ ಇಲ್ಲ, ತೀರ್ಪಿನಿಂದ ಗೆದ್ದವನಿಗೂ ಒಂದು, ಸೋತವನಿಗೆ ಅದಕ್ಕಿಂತ ಹೆಚ್ಚು, ಐದು ಋಣ ಅಂಕಗಳು ಕೂಡಿದವನು ಕೂಟದಿಂದ ಹೊರಗೆ. ಗೆದ್ದೂ ಕಳೆದುಕೊಳ್ಳುವ ಈ ಗಣಿತ ಮಟ್ಟಿಯಲ್ಲಿ ಬೆಳೆದವನಿಗೆ ಪೂರ್ತಿ ಹೊಸದು. ಆದರೂ ಚಿತ್ತು ಮಾಡುವ ಹಂಬಲವನ್ನೇ ಉಸಿರಾಗಿಸಿಕೊಂಡವನಿಗೆ ಅದರಲ್ಲೊಂದು ಅನುಕೂಲವೂ ಅಡಗಿತ್ತು ಎಂಬುದು ಹೆಲ್ಸಿಂಕಿಯಲ್ಲಿ ತೋರಿಬಂತು.

ಲಂಡನ್ನಿನಿಂದ ಮರಳಿದ ಖಾಶಾಬಾ ಮುಂದಿನ ನಾಲ್ಕು ವರ್ಷಗಳನ್ನು ಈ ಕಲಿಕೆಗೇ ಮೀಸಲಿಟ್ಟರು. ಒಂದು ವರ್ಗ ಮೇಲೇರಿ ಬ್ಯಾಂಟಮ್‌ವೇಟ್, ಅಂದರೆ 57 ಕಿಲೋ ಒಳಗಿನ ವರ್ಗಕ್ಕೆ ಬಂದರು. ತಾಲೀಮಿನ ದಂಡ, ಬೈಠಕ್ಕುಗಳ ಪ್ರಮಾಣವನ್ನು ಹೆಚ್ಚಿಸಿಕೊಂಡರು. ದಂಡವೆಂದರೆ ಅಂಗೈಗಳ ಮೇಲೆ ಮೈಯನ್ನು ಇಳಿಸಿ ಏರಿಸುವ ಸಾಮು, ಬೈಠಕ್ಕೆಂದರೆ ಕುಳಿತು ಏಳುವ ಸಾಮು. ಆದರೆ ಈ ನಾಲ್ಕು ವರ್ಷಗಳಲ್ಲಿ ಅವರಿಗಿಂತ ಹೆಚ್ಚು ಬದಲಾದದ್ದು ಅವರ ಕಾಲಡಿಯ ನೆಲವೇ. 1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮೊದಲ ಪ್ರಯಾಣಕ್ಕೆ ಒಬ್ಬ ಅರಸನ ಬೊಕ್ಕಸವಿತ್ತು. ಎರಡನೆಯ ಪ್ರಯಾಣದ ಹೊತ್ತಿಗೆ ಆ ಬೊಕ್ಕಸವೇ ಉಳಿದಿರಲಿಲ್ಲ, ಅದರ ಜಾಗದಲ್ಲಿ ಬಂದ ಪ್ರಜಾಸರಕಾರಕ್ಕೆ ಪೈಲವಾನನನ್ನು ಪೊರೆಯುವ ಅಭ್ಯಾಸ ಇನ್ನೂ ಬೆಳೆದಿರಲಿಲ್ಲ. ಖಾಶಾಬಾ ಅವರ ಬದುಕನ್ನು ಕುರಿತ ಬರಹಗಳು ಅವರ ಬಡತನವನ್ನು ಬಹಳವಾಗಿ ಬಣ್ಣಿಸುತ್ತವೆ, ಆದರೆ ಆ ಬಡತನದ ಹಿಂದಿನ ಈ ರಾಜಕೀಯ ಪಲ್ಲಟವನ್ನು ಗಮನಿಸದೆ ಹೋದರೆ ವಿಷಯದ ಅರ್ಧಭಾಗ ಮರೆಯಾದಂತೆಯೇ ಸರಿ.

ಆಯ್ಕೆಯ ಹಂತದಲ್ಲೂ ತೊಡಕು ಬಂತು. ಮದರಾಸಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕೂದಲೆಳೆಯ ಅಂತರದ ತೀರ್ಪು ಅವರ ವಿರುದ್ಧ ಬಿದ್ದು ಹೆಲ್ಸಿಂಕಿಯ ತಂಡದಿಂದ ಹೆಸರು ತಪ್ಪಿತು. ಅದು ಅನ್ಯಾಯದ ತೀರ್ಪೆಂದು ನಂಬಿದ ಖಾಶಾಬಾ ಸುಮ್ಮನಾಗದೆ ಪಟಿಯಾಲಾದ ಮಹಾರಾಜ ಯಾದವೀಂದ್ರ ಸಿಂಗರಲ್ಲಿ ಮೊರೆಯಿಟ್ಟರು. ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ, ಸ್ವತಃ ಆಟದ ಮರ್ಮ ಬಲ್ಲ ಮಹಾರಾಜರು ಮತ್ತೊಂದು ಪರೀಕ್ಷಾ ಕುಸ್ತಿಯನ್ನು ಏರ್ಪಡಿಸಿದರು, ಅದರಲ್ಲಿ ಖಾಶಾಬಾ ಸಂದೇಹಕ್ಕೆ ಎಡೆಯಿಲ್ಲದಂತೆ ಗೆದ್ದರು. ಹೀಗೆ ಹೆಸರೇನೋ ಸೇರಿತು, ಖರ್ಚಿನ ಹೊಣೆ ಮಾತ್ರ ಅವರ ಮೇಲೆಯೇ ಬಿತ್ತು. ಮುಂಬಯಿ ಸರಕಾರಕ್ಕೆ 4,000 ರೂಪಾಯಿಯ ನೆರವು ಕೋರಿ ಮಾಡಿಕೊಂಡ ಮನವಿ ಫಲಿಸಲಿಲ್ಲ. ಗೋಳೇಶ್ವರದ ಜನ ಮನೆಮನೆಯಿಂದ ಕೈಲಾದಷ್ಟು ಕೂಡಿಸಿದರು. ಕರಾಡ, ಕೊಲ್ಹಾಪುರಗಳ ವ್ಯಾಪಾರಿಗಳು ಕೊಟ್ಟರು. ಸಾಲದ್ದಕ್ಕೆ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಸ್ವಂತ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ತಂದು ಶಿಷ್ಯನ ಕೈಗಿತ್ತರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕದ ಅಡಿಪಾಯದಲ್ಲಿ ಒಬ್ಬ ಮೇಷ್ಟರ ಮನೆಯಿದೆ.

1952ರ ಜುಲೈ ತಿಂಗಳಲ್ಲಿ ಹೆಲ್ಸಿಂಕಿಯ ಮೆಸ್ಸುಹಾಲ್ಲಿ ಎಂಬ ವಸ್ತುಪ್ರದರ್ಶನ ಭವನದಲ್ಲಿ ಕುಸ್ತಿಗಳು ನಡೆದವು. ಖಾಶಾಬಾ ಅವರ ಜೊತೆಗೆ ಕೊಲ್ಹಾಪುರ ಸೀಮೆಯವರೇ ಆದ ಕೇಶವ ಮಾಣಗಾವೆಯವರೂ ಫೆದರ್‌ವೇಟ್ ವರ್ಗದಲ್ಲಿ ಸೆಣಸಲು ಹೋಗಿದ್ದರು. ಖಾಶಾಬಾ ಮೊದಲು ಕೆನಡಾದ ಆಡ್ರಿಯನ್ ಪೊಲಿಕ್ವಿನನನ್ನು ಎದುರಿಸಿದರು. ಆ ಕುಸ್ತಿ ಹದಿನಾಲ್ಕು ನಿಮಿಷಗಳ ಮೇಲೆ ಎಳೆದು, ಅವಧಿ ಮುಗಿಯಲು ಇನ್ನು ಅರೆಕ್ಷಣವಿದೆ ಎನ್ನುವಾಗ ಎದುರಾಳಿ ಚಿತ್ತಾದನು. ಮಟ್ಟಿಯವನ ತಾಳ್ಮೆ ಮತ್ತು ಮ್ಯಾಟಿನ ಗಡಿಯಾರ ಇವೆರಡೂ ಒಂದೇ ಮೈಯಲ್ಲಿ ಹೊಂದಿಕೊಂಡದ್ದಕ್ಕೆ ಈ ಕುಸ್ತಿಯೇ ಸಾಕ್ಷಿ: ಕಾಯುವುದನ್ನು ಅವರು ಬಿಟ್ಟುಕೊಡಲಿಲ್ಲ, ಎಷ್ಟು ಕಾಯಬಹುದೆಂಬುದನ್ನು ಕಲಿತುಕೊಂಡಿದ್ದರು. ಮುಂದಿನ ಸುತ್ತಿನಲ್ಲಿ ಮೆಕ್ಸಿಕೋದ ಲಿಯೊನಾರ್ಡೊ ಬಾಸುರ್ತೊ ಐದಾರು ನಿಮಿಷಗಳಲ್ಲೇ ಬೆನ್ನು ತಾಗಿಸಿದನು. ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಸನ ವಿರುದ್ಧ ಗೆಲುವು ತೀರ್ಪುಗಾರರ ಬಹುಮತದಿಂದ ಬಂತು. ಮೊದಲೆರಡು ಕುಸ್ತಿಗಳನ್ನು ಚಿತ್ತು ಮಾಡಿಯೇ ಗೆದ್ದದ್ದರಿಂದ ಅವರ ಹೆಸರಿನ ಮುಂದೆ ಋಣ ಅಂಕಗಳು ಹೆಚ್ಚಲಿಲ್ಲ, ಉಳಿದವರು ಒಬ್ಬೊಬ್ಬರಾಗಿ ಕಳಚಿಕೊಂಡು ಹೋಗುತ್ತಿದ್ದಾಗ ಅವರು ಕೊನೆಯ ಮೂವರಲ್ಲಿ ಉಳಿದರು.

ಉಳಿದ ಇನ್ನಿಬ್ಬರು ಜಪಾನಿನ ಶೋಹಾಚಿ ಇಶಿಯಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮೆದ್‌ಬೆಕೊವ್. ಸೋವಿಯತ್ ಒಕ್ಕೂಟ ಒಲಿಂಪಿಕ್ ಕೂಟಕ್ಕೆ ಬಂದದ್ದೇ ಆ ವರ್ಷ ಮೊದಲ ಸಲ. ಇಶಿಯಿಯ ವೃತ್ತಾಂತ ಖಾಶಾಬಾ ಅವರ ವೃತ್ತಾಂತಕ್ಕೆ ಕನ್ನಡಿ ಹಿಡಿದಂತಿದೆ, ಏಕೆಂದರೆ ಆತನೂ ಹಾಸಿನ ಕುಸ್ತಿಯಲ್ಲಿ ಹುಟ್ಟಿ ಬೆಳೆದವನಲ್ಲ. ಜಪಾನಿನ ದೇಶೀ ಮಲ್ಲವಿದ್ಯೆಯಾದ ಜೂಡೋದಲ್ಲಿ ಪಳಗಿದ್ದ ಆತ, ಯುದ್ಧಾನಂತರ ಅಲ್ಲಿ ಆಳುತ್ತಿದ್ದ ಮಿತ್ರಸೇನೆ ಜೂಡೋವನ್ನು ನಿಷೇಧಿಸಿದ್ದರಿಂದ ಕುಸ್ತಿಯತ್ತ ಹೊರಳಿದವನು. ಎರಡು ಪುರಾತನ ನೆಲಗಳಿಂದ ಬಂದ ಇಬ್ಬರು ತರುಣರು ಮೂರನೆಯದೊಂದು ನೆಲದ ಮೇಲೆ ಎದುರುಬದುರಾದರು. ಆ ದೀರ್ಘ ಹಣಾಹಣಿಯಲ್ಲಿ ಇಶಿಯಿ ಮೇಲಾದನು. ಅದರ ಬೆನ್ನಿಗೇ ಮಮೆದ್‌ಬೆಕೊವನನ್ನು ಎದುರಿಸಲು ಖಾಶಾಬಾ ಅವರನ್ನು ಕರೆಯಲಾಯಿತೆಂದೂ, ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯ ವಿರಾಮ ಸಲ್ಲಬೇಕೆಂಬ ನಿಯಮವನ್ನು ಎತ್ತಿ ಹೇಳಲು ಭಾರತದ ಅಧಿಕಾರಿಗಳಾರೂ ಹತ್ತಿರವಿರಲಿಲ್ಲವೆಂದೂ ಅವರ ಜೀವನವನ್ನು ದಾಖಲಿಸಿದವರು ಬರೆಯುತ್ತಾರೆ. ದಣಿದ ಮೈಯಿಂದ ಆ ಕುಸ್ತಿಯನ್ನು ಅವರು ಸೋತರು. ಇಶಿಯಿಗೆ ಚಿನ್ನ, ಮಮೆದ್‌ಬೆಕೊವನಿಗೆ ಬೆಳ್ಳಿ, ಖಾಶಾಬಾ ಅವರಿಗೆ ಕಂಚು. ಇಶಿಯಿಯದು ಆ ಕೂಟದಲ್ಲಿ ಜಪಾನಿಗೆ ದೊರೆತ ಒಂದೇ ಒಂದು ಚಿನ್ನ. ಕೇಶವ ಮಾಣಗಾವೆಯವರು ತಮ್ಮ ವರ್ಗದಲ್ಲಿ ನಾಲ್ಕನೆಯವರಾಗಿ, ಪದಕದ ಹೊಸ್ತಿಲಿನಿಂದಲೇ ಮರಳಿದರು. ಒಂದೇ ಸೀಮೆಯ ಇಬ್ಬರು ಒಂದೇ ಕೂಟದಲ್ಲಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಇಂದು ನೆನೆಯುವವರು ಕಡಿಮೆ, ಮಾಣಗಾವೆಯವರ ಹೆಸರಂತೂ ಮರೆತೇ ಹೋದಂತಿದೆ, ಅದು ಹಾಗಾಗಬಾರದಾಗಿತ್ತು.

ಅದೇ ಕೂಟದಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದದ್ದರಿಂದ ದೇಶದ ಕಣ್ಣೆಲ್ಲ ಆ ಕಡೆಗಿತ್ತು. ವೈಯಕ್ತಿಕ ಸ್ಪರ್ಧೆಯಲ್ಲಿ ಮತ್ತೊಂದು ಪದಕಕ್ಕಾಗಿ ಭಾರತ 1996ರ ಅಟ್ಲಾಂಟಾದಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಗೆಲ್ಲುವ ತನಕ, ಕುಸ್ತಿಯಲ್ಲಿ 2008ರ ಬೀಜಿಂಗಿನಲ್ಲಿ ಸುಶೀಲ್ ಕುಮಾರ್ ಗೆಲ್ಲುವ ತನಕ ಕಾಯಬೇಕಾಯಿತು. ಅರ್ಜುನ ಪ್ರಶಸ್ತಿ ಖಾಶಾಬಾ ಅವರ ಹೆಸರಿಗೆ ಬಂದದ್ದು 1984ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಊರಿನ ಜನ ಮಾತ್ರ ಕಾಯಲಿಲ್ಲ. ಕರಾಡ ನಿಲ್ದಾಣದಲ್ಲಿ ಇಳಿದ ಪೈಲವಾನನನ್ನು ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಗೋಳೇಶ್ವರಕ್ಕೆ ಕರೆದೊಯ್ದರು, ಕಾಲು ಗಂಟೆಯ ಆ ಹಾದಿಗೆ ಏಳು ಗಂಟೆ ಹಿಡಿಯಿತು.

ಮೆರವಣಿಗೆಯ ಧೂಳು ಅಡಗಿದ ಮೇಲೆ ಖಾಶಾಬಾ ಮಾಡಿದ ಮೊದಲ ಕೆಲಸವೆಂದರೆ ಕೊಲ್ಹಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿದ್ದು. ಹೆಲ್ಸಿಂಕಿಯ ಹಾಸಿನಿಂದ ಅವರು ಮತ್ತೆ ಹೌದಕ್ಕೆ ಇಳಿದರು, ಗೆದ್ದರು; ಅದರಿಂದ ಬಂದ ಹಣವನ್ನು ಖರ್ಡೇಕರರಿಗೆ ಮುಟ್ಟಿಸಿ, ಒತ್ತೆಯಿಟ್ಟಿದ್ದ ಅವರ ಮನೆಯನ್ನು ಬಿಡಿಸಿಕೊಟ್ಟರು.